ಒಬ್ಬಿಬ್ಬರೇ ನಡೆಸೋ ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ಪ್ರಚಾರ: ಯಾವುದು ಮಾಡಬೇಕು, ಯಾವುದು ಬಿಡಬಹುದು?

ಶಿರಸಿ_ಹಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಅತ್ತೆ ಸೇರಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಒಣ ಮುರುಗಲು ಸಿಪ್ಪೆ ಮಾಡಿ ಮಾರುತ್ತೇವೆ. ಸೀಸನ್‌ನಲ್ಲಿ ಊರಿನ ಮೂರ್ನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಗಿರಾಕಿಗಳು ಹೆಚ್ಚಾಗಿ ಪರಿಚಯದವರು, ಇಲ್ಲವೇ ಅವರ ಪರಿಚಯದವರು. ಬೆಂಗಳೂರು, ಪುಣೆ ಕಡೆಯಿಂದಲೂ ಕೇಳುತ್ತಾರೆ.

ಈಗ ಸಿಕ್ಕವರೆಲ್ಲ "ಆನ್‌ಲೈನ್ ಮಾಡಿ" ಅನ್ನುತ್ತಾರೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್, ವೆಬ್‌ಸೈಟ್, ಗೂಗಲ್ ಜಾಹೀರಾತು ಎಲ್ಲವೂ ಬೇಕಂತೆ. ಒಂದು ಏಜೆನ್ಸಿಯವರು ತಿಂಗಳಿಗೆ 15,000 ರೂಪಾಯಿ ಹೇಳಿದರು. ದಿನಕ್ಕೊಂದು ಪೋಸ್ಟ್, ವಾರಕ್ಕೆ ಮೂರು ರೀಲ್ಸ್. ಆದರೆ ವಿಡಿಯೋ ನಾವೇ ತೆಗೆದು ಕಳಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಪ್ಪಳ ಒತ್ತಿ, ಒಣಗಿಸಿ, ಮಳೆ ಬರೋದರೊಳಗೆ ಡಬ್ಬಕ್ಕೆ ತುಂಬಬೇಕು. ಆಗ ಫೋನ್ ಹಿಡಿಯಲು ಕೈ ಎಲ್ಲಿ ಖಾಲಿ ಇರುತ್ತದೆ ಹೇಳಿ.

ನನ್ನ ಪ್ರಶ್ನೆ ಇಷ್ಟೇ. ವಾರಕ್ಕೆ ಎರಡು ಮೂರು ಗಂಟೆ ಬಿಟ್ಟರೆ ಬೇರೆ ಸಮಯ ಇಲ್ಲದವರು ಯಾವುದನ್ನು ಮಾಡಬೇಕು? ಯಾವುದನ್ನು ಮನಸ್ಸು ಗಟ್ಟಿ ಮಾಡಿ ಬಿಡಬೇಕು?

ಗ್ಯಾರೇಜ್_ಹುಬ್ಬಳ್ಳಿ

ಅಕ್ಕಾ, ಬೇರೆ ಎಲ್ಲ ಬಿಡಿ, ಮೊದಲು ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕಿಸಿ. ದುಡ್ಡಿಲ್ಲ. ನಮ್ಮದು ಬೈಕ್ ಗ್ಯಾರೇಜ್. ಹೊಸ ಗಿರಾಕಿ ಬರೋದೇ ಅಲ್ಲಿಂದ. ಗಾಡಿ ರಸ್ತೆಯಲ್ಲಿ ನಿಂತವನು ರೀಲ್ಸ್ ನೋಡುತ್ತಾ ಕೂರಲ್ಲ. ಮ್ಯಾಪ್ ತೆಗೆದು "ಬೈಕ್ ರಿಪೇರಿ" ಅಂತ ಹೊಡೆಯುತ್ತಾನೆ, ಹತ್ತಿರ ಕಂಡವರಿಗೆ ಫೋನ್ ಮಾಡುತ್ತಾನೆ.

ಮೂರು ವಿಷಯ ಸರಿ ಇರಬೇಕು. ಒಂದು, ಯಾವ ತರಹದ ಅಂಗಡಿ ಅನ್ನೋ ಮುಖ್ಯ ವರ್ಗ. ನನ್ನ ಪಕ್ಕದವರು ಸುಮ್ನೆ "ಅಂಗಡಿ" ಅಂತ ಹಾಕಿದ್ದರು, ರಿಪೇರಿ ಹುಡುಕಿದರೆ ಸಿಗುತ್ತಲೇ ಇರಲಿಲ್ಲ. ಎರಡು, ತೆರೆಯೋ ಮುಚ್ಚೋ ಸಮಯ. ಹಬ್ಬಕ್ಕೆ ರಜೆ ಇದ್ದರೆ ಅದನ್ನೂ ಹಾಕಿ. ತೆರೆದಿದೆ ಅಂತ ನೋಡಿ ಬಂದವನು ಬೀಗ ಕಂಡರೆ ಒಂದೇ ಸ್ಟಾರ್ ಕೊಟ್ಟು ಹೋಗುತ್ತಾನೆ. ಮೂರು, ಫೋನ್ ನಂಬರ್. ಮತ್ತು ಬಂದ ಫೋನ್ ತೆಗೆಯಬೇಕು. ಇದನ್ನು ಯಾರೂ ಮಾರ್ಕೆಟಿಂಗ್ ಅಂತ ಕರೆಯಲ್ಲ, ನಾನಂತೂ ಅದನ್ನೇ ದೊಡ್ಡ ಮಾರ್ಕೆಟಿಂಗ್ ಅಂತೀನಿ.

ಪ್ರಚಾರದ_ಕೆಲಸ_ಬೆಂಗಳೂರು

ನಾನು ಸಣ್ಣ ಅಂಗಡಿಗಳಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಬ್ಬಳ್ಳಿ ಅಣ್ಣ ಹೇಳಿದ್ದು ಗ್ಯಾರೇಜಿಗೆ ನೂರಕ್ಕೆ ನೂರು ಸರಿ. ಶಿರಸಿ ಮೇಡಂಗೆ ಒಂದು ತೊಡಕಿದೆ. ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ಕಾಣಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಇರುವುದು ಗಿರಾಕಿಯನ್ನು ಮುಖಾಮುಖಿ ನೋಡುವ ವ್ಯಾಪಾರಕ್ಕೆ. ಬರೀ ಕೊರಿಯರ್‌ನಲ್ಲಿ ಕಳಿಸುವವರು ಅಲ್ಲಿ ಸೇರಲು ಬರುವುದಿಲ್ಲ, ಅದು ಅವರ ನಿಯಮ. ನಿಮ್ಮ ಮನೆಗೆ ಜನ ಬಂದು ಕೊಳ್ಳುತ್ತಾರೆ, ಅದಕ್ಕೊಂದು ಸಮಯ ಇದೆ ಅಂದರೆ ಧಾರಾಳವಾಗಿ ಹಾಕಿಸಿ. ನೀವೇ ಶಿರಸಿ ಸುತ್ತಮುತ್ತ ತಲುಪಿಸುತ್ತೀರಿ ಅಂದರೂ ಆಗುತ್ತದೆ. ಆಗ ಮನೆ ವಿಳಾಸ ಮುಚ್ಚಿಟ್ಟು, ಯಾವ ಯಾವ ಊರಿಗೆ ತಲುಪಿಸುತ್ತೀರಿ ಅಂತ ಮಾತ್ರ ತೋರಿಸಬಹುದು. ಸುಳ್ಳು ವಿಳಾಸ ಕೊಟ್ಟು ಸೇರಿದರೆ ಪ್ರೊಫೈಲ್ ತಡೆಹಿಡಿಯುತ್ತಾರೆ. ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ: ಬೋರ್ಡು, ಬೀದಿ, ಒಳಗಿನ ಕೆಲಸ ಎಲ್ಲ ತೋರಿಸಬೇಕು.

ಯೂಟ್ಯೂಬಿನಲ್ಲಿ ಇದರ ಬಗ್ಗೆ ಹಳೆಯ ವಿಡಿಯೋಗಳು ಬೇಕಾದಷ್ಟಿವೆ. ಅವನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಮೈ ಬಿಸಿನೆಸ್ ಅನ್ನೋದು ಇದರ ಹಳೆಯ ಹೆಸರು, ಅದು 2021ರಲ್ಲೇ ಬದಲಾಯಿತು. ಪ್ರೊಫೈಲ್ ಜೊತೆ ಉಚಿತವಾಗಿ ಬರುತ್ತಿದ್ದ ಪುಟ್ಟ ವೆಬ್‌ಸೈಟ್ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು. ಈಗ ಗೂಗಲ್ ಸರ್ಚ್ ಅಥವಾ ಮ್ಯಾಪ್ ಒಳಗೇ ನಿಂತು ಎಲ್ಲ ತಿದ್ದಬಹುದು.

ಇನ್ನು ಮುಖ್ಯ ಮಾತು. ಯಾವ ಆ್ಯಪ್ ಅಂತ ಯೋಚಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಮುಂದಿನ ಆರ್ಡರ್ ಯಾರಿಂದ ಬರುತ್ತದೆ? ಗ್ಯಾರೇಜಿಗೆ ಅದು ಗೊತ್ತಿಲ್ಲದ ದಾರಿಹೋಕ. ಹಾಗಾಗಿ ಮ್ಯಾಪ್. ಉಪ್ಪಿನಕಾಯಿಗೆ ಅದು ಹೋದ ವರ್ಷ ಕೊಂಡವರು. ಅವರ ಮನೆಯ ಜಾಡಿ ಈಗ ಖಾಲಿ ಆಗುತ್ತಾ ಬಂದಿದೆ. ರುಚಿ ಗೊತ್ತು, ನಂಬಿಕೆ ಇದೆ, ನೆನಪು ಮಾಡುವವರಿಲ್ಲ ಅಷ್ಟೇ. ನಿಮ್ಮ ಎರಡು ಮೂರು ಗಂಟೆ ಮೊದಲು ಅಲ್ಲಿಗೆ ಹೋಗಬೇಕು. ಹೊಸಬರಿಗಾಗಿ ರೀಲ್ಸ್ ಮಾಡುತ್ತಾ ಹಳಬರನ್ನು ಕೇಳದೇ ಇರೋದನ್ನು ನಾನು ದಿನಾ ನೋಡುತ್ತೇನೆ, ನಿಜಕ್ಕೂ ಬೇಜಾರಾಗುತ್ತದೆ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಇಟ್ಟುಕೊಳ್ಳಿ. 2018ರಿಂದ ಇದೆ, ಸಣ್ಣವರಿಗೆ ದುಡ್ಡಿಲ್ಲ. ಅದರಲ್ಲಿ ಕ್ಯಾಟಲಾಗ್ ಇದೆ. ಹಪ್ಪಳ, ಉಪ್ಪಿನಕಾಯಿ, ಮುರುಗಲು ಮೂರಕ್ಕೂ ಫೋಟೋ, ತೂಕ, ಬೆಲೆ ಹಾಕಿ. ಲೇಬಲ್ ಇದೆ. "ದುಡ್ಡು ಬಂದಿದೆ", "ಕಳಿಸಬೇಕು", "ಮತ್ತೆ ಕೇಳಬೇಕು" ಅಂತ ಮಾಡಿಕೊಂಡರೆ ಯಾರ ಆರ್ಡರ್ ಎಲ್ಲಿದೆ ಅಂತ ಹುಡುಕೋ ಕಷ್ಟ ಇಲ್ಲ. ಪದೇ ಪದೇ ಟೈಪ್ ಮಾಡುವ ಉತ್ತರಗಳನ್ನು ಮೊದಲೇ ಬರೆದಿಟ್ಟು ಒತ್ತಿದರೆ ಬರುವ ಹಾಗೆ ಮಾಡಬಹುದು. ಕೆಲಸದ ಹೊತ್ತಿನಲ್ಲಿ "ಸಂಜೆ 7ರ ನಂತರ ಉತ್ತರ ಕೊಡುತ್ತೇವೆ" ಅಂತ ತಾನೇ ಹೋಗುವ ಸಂದೇಶ ಇಟ್ಟರೆ ಹಪ್ಪಳದ ಕೈ ಒರೆಸಿಕೊಂಡು ಓಡಬೇಕಾಗಿಲ್ಲ.

ಟೋಪಿತೆನಿ_ಇಳಕಲ್

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮದು ಇಳಕಲ್ ಸೀರೆ, ಮನೆಯಲ್ಲಿ ಮಗ್ಗ ಇದೆ. ನಮಗೆ ಮ್ಯಾಪ್‌ನಿಂದ ಏನೂ ಬರಲ್ಲ. ಸೀರೆ ಕೊಳ್ಳುವವರು ಹುಡುಕಿಕೊಂಡು ಬರೋದಕ್ಕಿಂತ ನೋಡಿ ಮನಸ್ಸಾಗಿ ಬರೋದೇ ಜಾಸ್ತಿ. ಹಾಗಾಗಿ ನಮಗೆ ಇನ್‌ಸ್ಟಾಗ್ರಾಮ್ ಬೇಕೇ ಬೇಕು. ಅದನ್ನು ಬಿಡಿ ಅಂತ ಎಲ್ಲರಿಗೂ ಹೇಳೋದು ಸರಿಯಲ್ಲ.

ಆದರೆ ದಿನಾ ಹಾಕಬೇಕು ಅನ್ನೋದನ್ನು ನಾನೂ ಒಪ್ಪಲ್ಲ. ನಾವು ಹೊಸ ಸೀರೆ ಮಗ್ಗದಿಂದ ಇಳಿದಾಗ ಹಾಕುತ್ತೇವೆ. ನಮ್ಮ ಪೋಸ್ಟ್‌ಗಳಲ್ಲಿ ಜನ ಹೆಚ್ಚು ನಿಂತು ನೋಡೋದು ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸುವ ಜಾಗವನ್ನು. ಟೋಪಿ ತೆನಿ ಅನ್ನೋದು ಅದೇ. ಪವರ್‌ಲೂಮ್‌ನಲ್ಲಿ ಮಾಡಿದ ಅಗ್ಗದ ಸೀರೆಯನ್ನು ಇಳಕಲ್ ಅಂತ ಮಾರುವವರು ಬಹಳ. ಕೈಮಗ್ಗದ್ದು ಬೆಲೆ ಯಾಕೆ ಜಾಸ್ತಿ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಆ ಕೊಂಡಿ ಹಾಕೋದನ್ನು ತೋರಿಸಿದ ಮೇಲೆ ಚೌಕಾಸಿ ಕಡಿಮೆಯಾಯಿತು. ಚಿಕ್ಕಿಪಾರಸ ದಡಿ, ಗೋಮಿ ದಡಿ ಅಂತ ಅಂಚಿನ ಹೆಸರು ಹಾಕಿ ಬರೆಯುತ್ತೇವೆ. ಗೊತ್ತಿದ್ದವರು ಹೆಸರು ಹಿಡಿದೇ ಕೇಳುತ್ತಾರೆ.

ಒಂದು ಕಿವಿಮಾತು. ಫೋಟೋಗೆ ಫಿಲ್ಟರ್ ಹಾಕಲೇಬೇಡಿ. ಬೆಳಗಿನ ಹೊತ್ತು ಹೊರಗಿನ ಬೆಳಕಿನಲ್ಲಿ ತೆಗೆಯಿರಿ. ಬಣ್ಣ ಫೋಟೋದಲ್ಲಿ ಒಂದು, ಕೈಗೆ ಬಂದಾಗ ಒಂದು ಆದರೆ ಸೀರೆ ವಾಪಸ್ ಬರುತ್ತದೆ, ಕೊರಿಯರ್ ಖರ್ಚು ಎರಡು ಕಡೆಯದೂ ನಮ್ಮ ತಲೆಗೆ.

ಪುಣೆಯಲ್ಲಿರುವ_ಕುಮಟೆಯವಳು

ನಾನು ಕೊಳ್ಳುವವಳು, ಮಾರುವವಳಲ್ಲ. ನಮ್ಮ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳಲಾ?

ಅಪ್ಪೆಮಿಡಿ ಹುಡುಕಿ ಎಷ್ಟೋ ಪೇಜ್ ನೋಡಿದ್ದೇನೆ. ಚಂದದ ವಿಡಿಯೋ, ಹಿಂದೆ ಹಾಡು. ಬೆಲೆ ಕೇಳಿದರೆ "ಇನ್‌ಬಾಕ್ಸ್ ಮಾಡಿ". ಇನ್‌ಬಾಕ್ಸ್ ಮಾಡಿದರೆ ಎರಡು ದಿನ ಉತ್ತರ ಇಲ್ಲ. ಅಷ್ಟರಲ್ಲಿ ನಾನು ಬೇರೆ ಕಡೆ ತಗೊಂಡಿರುತ್ತೇನೆ. ನನಗೆ ಬೇಕಿರೋದು ಇಷ್ಟು: ಜಾಡಿ ಎಷ್ಟು ದೊಡ್ಡದು (ಕೈಯಲ್ಲಿ ಹಿಡಿದ ಫೋಟೋ ಇದ್ದರೆ ಸಾಕು), ಬೆಲೆ, ನನ್ನ ಪಿನ್‌ಕೋಡ್‌ಗೆ ಕೊರಿಯರ್ ಎಷ್ಟು, ಯಾವಾಗ ಹಾಕಿದ್ದು, ಎಷ್ಟು ತಿಂಗಳು ಇರುತ್ತದೆ, ದಾರಿಯಲ್ಲಿ ಸೋರಿದರೆ ಏನು ಮಾಡುತ್ತೀರಿ.

ಇದಿಷ್ಟೂ ಒಂದೇ ಕಡೆ ಬರೆದಿದ್ದರೆ ರೀಲ್ಸ್ ಒಂದೂ ಇಲ್ಲದಿದ್ದರೂ ನಾನು ಕೊಳ್ಳುತ್ತೇನೆ. ಇನ್ನೊಂದು, ಹೆಸರು. ನಾನು ಮುರುಗಲು ಅಂತೀನಿ. ಇಲ್ಲಿನ ನನ್ನ ಮಂಗಳೂರಿನ ಗೆಳತಿ ಪುನರ್ಪುಳಿ ಅಂತ ಹುಡುಕುತ್ತಾಳೆ. ಮರಾಠಿಯವರು ಕೋಕಂ ಅಂತ. ಮೂರೂ ಬರೆದಿಡಿ ಅಕ್ಕಾ, ಹುಡುಕಿದವರಿಗೆಲ್ಲ ಸಿಗಲಿ.

ಶಿರಸಿ_ಹಪ್ಪಳ

ಪುಣೆ ತಂಗೀ, ನೀನು ಕೇಳಿದ ಆರು ಪ್ರಶ್ನೆಯನ್ನೇ ಎಲ್ಲರೂ ಕೇಳುತ್ತಾರೆ! ನಾನು ಪ್ರತಿ ಸಲ ಮೊದಲಿಂದ ಟೈಪ್ ಮಾಡುತ್ತೇನೆ. ಬರೆದಿಟ್ಟುಕೊಳ್ಳುವ ಉಪಾಯ ಇವತ್ತೇ ಮಾಡುತ್ತೇನೆ.

ಬೆಂಗಳೂರು ಸರ್, ಹಳೆಯ ಗಿರಾಕಿಗಳ ನಂಬರ್ ಒಂದು ಪುಸ್ತಕದಲ್ಲಿವೆ. ಎಲ್ಲರನ್ನೂ ಒಂದು ಗ್ರೂಪ್‌ಗೆ ಸೇರಿಸಿಬಿಡಲಾ?

ಪ್ರಚಾರದ_ಕೆಲಸ_ಬೆಂಗಳೂರು

ದಯವಿಟ್ಟು ಬೇಡ. ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬರು ಗುಡ್ ಮಾರ್ನಿಂಗ್ ಹಾಕಿದರೆ ಹತ್ತು ಜನ ಎದ್ದು ಹೋಗುತ್ತಾರೆ. ಕೇಳದೇ ಸೇರಿಸುವುದೂ ಸರಿಯಲ್ಲ, ಅವರು ನಂಬರ್ ಕೊಟ್ಟಿದ್ದು ಪಾರ್ಸಲ್ ತಲುಪಲಿ ಅಂತ. ಜನರ ಖಾಸಗಿ ಮಾಹಿತಿಗೆ 2023ರಲ್ಲಿ ಕಾನೂನೂ ಬಂದಿದೆ, ಒಪ್ಪಿಗೆ ಕೇಳುವುದೇ ಅದರ ಮೂಲ.

ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಹಾಕಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ಸಂದೇಶದ ಹಾಗೆ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಆದರೆ ಒಂದು ಷರತ್ತಿದೆ, ಬಹಳ ಜನಕ್ಕೆ ಗೊತ್ತಿರಲ್ಲ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಪಾರ್ಸಲ್ ಒಳಗೆ ಒಂದು ಚೀಟಿ ಇಡಿ: "ಈ ನಂಬರ್ ಸೇವ್ ಮಾಡಿಕೊಂಡು 'ಹಪ್ಪಳ' ಅಂತ ಒಂದು ಮೆಸೇಜ್ ಹಾಕಿ. ಹೊಸ ಸರಕು ಬಂದಾಗ ತಿಳಿಸುತ್ತೇವೆ." ಮೆಸೇಜ್ ಹಾಕಿದವರು ಒಪ್ಪಿದವರು. ಅವರನ್ನೇ ಪಟ್ಟಿಗೆ ಸೇರಿಸಿ. ವರ್ಷಕ್ಕೆ ನಾಲ್ಕೈದು ಸಲ, ನಿಜವಾಗಿ ಹೇಳುವ ವಿಷಯ ಇದ್ದಾಗ ಮಾತ್ರ ಕಳಿಸಿ. "ಈ ವರ್ಷದ ಮಿಡಿ ಉಪ್ಪಿಗೆ ಹಾಕಿದ್ದೇವೆ, ಜಾಡಿ ಇಂಥ ತಿಂಗಳು ಸಿದ್ಧ, ಬೇಕಾದವರು ಹೇಳಿ" ಅಂದರೆ ಯಾರಿಗೂ ಕಿರಿಕಿರಿ ಆಗಲ್ಲ. ಮುಂಗಡ ಆರ್ಡರೂ ಬರುತ್ತದೆ, ಎಷ್ಟು ಮಿಡಿ ಕೊಳ್ಳಬೇಕು ಅನ್ನೋ ಅಂದಾಜೂ ಸಿಗುತ್ತದೆ.

ನಿಮ್ಮ ಸೀಸನ್ ಬಗ್ಗೆ ಹೇಳಿದ್ದಿರಿ ಅಲ್ವಾ? ನಿಮ್ಮ ಕೆಲಸದ ತಿಂಗಳೇ ಬೇರೆ, ಮಾರುವ ತಿಂಗಳೇ ಬೇರೆ. ಇದು ತೊಂದರೆ ಅಂತ ನೋಡಬೇಡಿ, ನಿಮ್ಮ ಅನುಕೂಲ. ಬೇಸಿಗೆಯಲ್ಲಿ ಪೋಸ್ಟ್ ಹಾಕುವ ಗೋಜಿಗೇ ಹೋಗಬೇಡಿ. ಫೋನನ್ನು ಒಂದು ಕಡೆ ಒರಗಿಸಿಟ್ಟು ವಿಡಿಯೋ ಮಾತ್ರ ತೆಗೆದಿಟ್ಟುಕೊಳ್ಳಿ: ಹಲಸಿನ ತೊಳೆ ಬೇಯಿಸೋದು, ರುಬ್ಬಿದ ಹಿಟ್ಟು, ಉಂಡೆ, ಒತ್ತಿದ ಹಪ್ಪಳ ಅಂಗಳದಲ್ಲಿ ಒಣಗೋದು. ಮಳೆ ಹಿಡಿದ ಮೇಲೆ ಕೈ ಬಿಡುವಾಗುತ್ತದೆ. ಜನರಿಗೆ ಹಪ್ಪಳ ಬೇಕಾಗೋದೂ ಆಗಲೇ. ಒಂದು ಮಧ್ಯಾಹ್ನ ಕೂತು ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಕಂಪನಿ) ಕೊಡುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಮುಂದಿನ ಕೆಲವು ವಾರಗಳಿಗೆ ದಿನಾಂಕ ಹಾಕಿಟ್ಟುಬಿಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡಕ್ಕೂ ತಾನೇ ಹೋಗುತ್ತದೆ.

ಬರೆಯೋದು ಕಷ್ಟ ಅನಿಸಿದರೆ ಫೋನಿನ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ನಿಮ್ಮ ಅತ್ತೆ ಹೇಳಿದ ಮಾತನ್ನೇ ಹಾಕಿ. ಈಗ ಎಐಗೆ ಹೇಳಿ ಬರೆಸಿದ "ಅಪ್ಪಟ ರುಚಿಯ ಸೊಗಡು, ಪರಂಪರೆಯ ಸವಿ" ತರಹದ ಸಾಲು ಎಲ್ಲ ಪೇಜಿನಲ್ಲೂ ಇದೆ. ಓದಿದವರಿಗೆ ಯಾವ ಮನೆಯ ಹಪ್ಪಳ ಅಂತಲೇ ಗೊತ್ತಾಗಲ್ಲ.

ಬೇಕರಿ_ಕುಂದಾಪುರ

ಜಾಹೀರಾತಿನ ಬಗ್ಗೆ ಯಾರೂ ಮಾತಾಡಿಲ್ಲ. ನಮಗೆ ಅದು ಕೆಲಸ ಮಾಡಿದೆ. ಹೊಸದಾಗಿ ಬೇಕರಿ ತೆರೆದಾಗ ಊರಿನವರಿಗೇ ಗೊತ್ತಿರಲಿಲ್ಲ. ಅಂಗಡಿ ಇರುವ ಜಾಗಕ್ಕೆ ಪಿನ್ ಇಟ್ಟು ಸುತ್ತ 5 ಕಿಲೋಮೀಟರ್‌ಗೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತು ಹಾಕಿದೆವು. ಒತ್ತಿದರೆ ನೇರ ವಾಟ್ಸಾಪ್‌ಗೆ ಬರುವ ಹಾಗೆ. ಹುಟ್ಟುಹಬ್ಬದ ಕೇಕ್‌ಗೆ ಒಳ್ಳೆ ಆರ್ಡರ್ ಬಂತು. ದುಡ್ಡು ಕೊಟ್ಟರೆ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ "ಬೂಸ್ಟ್" ಗುಂಡಿ ಪೋಸ್ಟ್ ಕೆಳಗೆ ಕಾಣುತ್ತದಲ್ಲ, ಅದನ್ನು ಒತ್ತಿದಾಗ ಮಾತ್ರ ಲೈಕ್ ಬಂತೇ ಹೊರತು ಕೇಕ್ ಹೋಗಲಿಲ್ಲ. ಯಾಕೆ ಅಂತ ತಿಳಿದವರು ಹೇಳಿ.

ಪ್ರಚಾರದ_ಕೆಲಸ_ಬೆಂಗಳೂರು

ನೀವು ಏನು ಕೇಳುತ್ತೀರೋ ಅದನ್ನೇ ಮೆಟಾ ತಂದುಕೊಡುತ್ತದೆ. ಬೂಸ್ಟ್ ಮಾಡುವಾಗ ಗುರಿ ಯಾವುದು ಅಂತ ನಾವು ನೋಡದಿದ್ದರೆ ಲೈಕ್, ಕಾಮೆಂಟ್ ಮಾಡುವವರನ್ನೇ ಹುಡುಕಿ ತೋರಿಸುತ್ತದೆ. ಲೈಕ್ ಮಾಡುವವರು ಬೇರೆ, ಕೊಳ್ಳುವವರು ಬೇರೆ. ಗುರಿಯನ್ನು ವಾಟ್ಸಾಪ್ ಸಂದೇಶ ಅಂತ ಇಟ್ಟಿದ್ದರಿಂದ ನಿಮ್ಮ ಇನ್ನೊಂದು ಜಾಹೀರಾತು ಸರಿ ಹೋಯಿತು. ಗೂಗಲ್ ಜಾಹೀರಾತಿನಲ್ಲೂ ಹೀಗೇ ಒಂದು ಕಡೆ ಎಚ್ಚರ ಬೇಕು. ಊರು ಆರಿಸಿದಾಗ ಆ ಊರಲ್ಲಿ ಇರುವವರು ಮಾತ್ರವಲ್ಲ, ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರೂ ಮೊದಲೇ ಸೇರಿರುತ್ತಾರೆ. ಅದನ್ನು ಬದಲಿಸದಿದ್ದರೆ ಕುಂದಾಪುರದ ಕೇಕಿನ ಜಾಹೀರಾತು ದೆಹಲಿಯವರಿಗೂ ಕಾಣಬಹುದು.

ಇನ್ನು ದುಡ್ಡಿನ ಲೆಕ್ಕ. ಜಾಹೀರಾತು ಹಾಕುವ ಮೊದಲು ಕಾಗದದ ಮೇಲೆ ಬರೆದು ನೋಡಿ. ಉದಾಹರಣೆಗೆ ಶಿರಸಿಯವರು 3,000 ರೂಪಾಯಿ ಜಾಹೀರಾತು ಹಾಕಿದರು ಅನ್ನೋಣ. 18% ಜಿಎಸ್‌ಟಿ ಸೇರಿ 3,540 ಆಯಿತು. ಅದರಿಂದ 20 ಆರ್ಡರ್ ಬಂತು ಅಂದುಕೊಳ್ಳಿ. ಒಂದು ಆರ್ಡರ್‌ಗೆ 177 ರೂಪಾಯಿ ಬಿತ್ತು. ಈಗ ಒಂದು ಜಾಡಿ ಉಪ್ಪಿನಕಾಯಿಯಲ್ಲಿ ಮಿಡಿ, ಮಸಾಲೆ, ಜಾಡಿ, ಕೂಲಿ ಎಲ್ಲ ಕಳೆದು 100 ರೂಪಾಯಿ ಉಳಿಯುವುದಾದರೆ ಪ್ರತಿ ಆರ್ಡರ್‌ಗೂ 77 ರೂಪಾಯಿ ನಷ್ಟ. ಬರುವ ಆರ್ಡರ್ ನೋಡಿ ಖುಷಿಯಾಗುತ್ತದೆ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರಲ್ಲ.

ಅದೇ ಎರಡು ಜಾಡಿ, ಎರಡು ಕಟ್ಟು ಹಪ್ಪಳ, ಒಂದು ಪೊಟ್ಟಣ ಮುರುಗಲು ಸೇರಿಸಿ ಒಂದು ಪೆಟ್ಟಿಗೆ ಮಾಡಿ, ಅದರಲ್ಲಿ 350 ಉಳಿಯುತ್ತದೆ ಅಂದರೆ ಆಗ ಜಾಹೀರಾತು ತಡೆದುಕೊಳ್ಳಬಹುದು. ಕೊರಿಯರ್ ಕೂಡ ಒಂದೊಂದೇ ಜಾಡಿ ಕಳಿಸೋದಕ್ಕಿಂತ ಪೆಟ್ಟಿಗೆಯಾಗಿ ಕಳಿಸಿದರೆ ಅಗ್ಗ ಬೀಳುತ್ತದೆ. ಹಾಗಾಗಿ ಎಷ್ಟೋ ಸಲ ಸರಿ ಮಾಡಬೇಕಾದದ್ದು ಜಾಹೀರಾತನ್ನಲ್ಲ, ಏನನ್ನು ಹೇಗೆ ಕಟ್ಟಿ ಮಾರುತ್ತೇವೆ ಅನ್ನೋದನ್ನು.

ಇನ್ನೊಂದು, ಜಾಹೀರಾತನ್ನು ದಿನಾ ತೆಗೆದು ತಿದ್ದಬೇಡಿ. ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಅದು ಮೊದಲಿಂದ ಕಲಿಯಲು ಶುರು ಮಾಡುತ್ತದೆ. ಒಂದು ವಾರ ಮುಟ್ಟದೆ ಬಿಡಿ. ದಿನಕ್ಕೆ ಇಷ್ಟೇ ಖರ್ಚು ಅನ್ನೋ ಮಿತಿ, ಕೊನೆಯ ದಿನಾಂಕ ಎರಡನ್ನೂ ಹಾಕದೆ ಮಾತ್ರ ಶುರು ಮಾಡಬೇಡಿ. ಕಾರ್ಡಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ.

ಟೋಪಿತೆನಿ_ಇಳಕಲ್

ಈ ಲೆಕ್ಕವನ್ನು ನಮ್ಮ ನೇಕಾರರ ಮನೆಗಳಲ್ಲಿ ಕೂರಿಸಿ ಹೇಳಬೇಕು ಸರ್. ನಮ್ಮಲ್ಲಿ ಫಾಲೋವರ್ ಎಷ್ಟು ಅಂತ ಕೇಳುತ್ತಾರೆ, ಒಂದು ಸೀರೆ ಮಾರಲು ಎಷ್ಟು ಖರ್ಚಾಯಿತು ಅಂತ ಯಾರೂ ಕೇಳಲ್ಲ.

ಲೆಕ್ಕಪತ್ರ_ತುಮಕೂರು

ಪ್ರಚಾರ ಮಾಡುವ ಮೊದಲು ನೋಡಿಕೊಳ್ಳಬೇಕಾದ ಕಾಗದದ ಕೆಲಸ ಇದೆ. ಇದನ್ನು ಯಾವ ಮಾರ್ಕೆಟಿಂಗ್ ವಿಡಿಯೋದಲ್ಲೂ ಹೇಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಬೇಕು. 14 ಅಂಕಿಯ ಸಂಖ್ಯೆ ಕೊಡುತ್ತಾರೆ, ಅದು ಲೇಬಲ್ ಮೇಲೆ ಇರಬೇಕು. ಕ್ಯಾಟಲಾಗ್ ಫೋಟೋದಲ್ಲೂ ಅದು ಕಂಡರೆ ಗೊತ್ತಿಲ್ಲದ ಗಿರಾಕಿಗೆ ನಂಬಿಕೆ ಬರುತ್ತದೆ.

ಶಿರಸಿಯಿಂದ ಬೆಂಗಳೂರಿಗೆ ಕಳಿಸೋದು ಬೇರೆ, ಪುಣೆಗೆ ಕಳಿಸೋದು ಬೇರೆ. ರಾಜ್ಯದ ಒಳಗೆ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸಲ್ಲ, ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸರಳ ವ್ಯವಸ್ಥೆ) ಇರುವವರು ಹೊರ ರಾಜ್ಯಕ್ಕೆ ಮಾರುವ ಹಾಗೇ ಇಲ್ಲ. ಹಾಗಾಗಿ ಇಡೀ ದೇಶಕ್ಕೆ ಕಾಣುವ ಜಾಹೀರಾತು ಹಾಕುವ ಮೊದಲು ನಿಮ್ಮ ಊರಿನ ಲೆಕ್ಕಿಗರ ಹತ್ತಿರ ಕೂತು ಮಾತಾಡಿ. ಅಲ್ಲಿವರೆಗೆ ಜಾಹೀರಾತನ್ನು ಕರ್ನಾಟಕಕ್ಕೆ ಮಾತ್ರ ಇಡಬಹುದು, ಬೆಂಗಳೂರೊಂದೇ ಸಾಕಷ್ಟು ದೊಡ್ಡ ಮಾರುಕಟ್ಟೆ.

2025ರ ಜುಲೈ ನೆನಪಿದೆಯಾ? ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು "ಯುಪಿಐ ಇಲ್ಲ" ಅಂತ ಬೋರ್ಡ್ ಹಾಕಿದವು. ಆ ಭಯ ಇನ್ನೂ ಹೋಗಿಲ್ಲ. ಆನ್‌ಲೈನ್ ಅಂದರೆ ನೋಟಿಸ್ ಅಂದುಕೊಂಡು ದೂರ ಇರುವವರು ನನ್ನ ಹತ್ತಿರವೇ ಬರುತ್ತಾರೆ. ಅವರಿಗೆ ನಾನು ಹೇಳೋದು, ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ತಮ್ಮನಿಗೆ ಕೊಟ್ಟ ಸಾಲ, ಮನೆ ಬಾಡಿಗೆ, ಹಪ್ಪಳದ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಹರಿದರೆ ಯಾವುದು ವ್ಯಾಪಾರ ಅಂತ ನಾಳೆ ತೋರಿಸೋದು ಕಷ್ಟ. ಬೇರೆ ಇದ್ದರೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಜಾಹೀರಾತಿನಿಂದ ಎಷ್ಟು ಬಂತು ಅಂತ ನಿಮಗೂ ಸುಲಭವಾಗಿ ಗೊತ್ತಾಗುತ್ತದೆ.

ಶಿರಸಿ_ಹಪ್ಪಳ

ಸರ್, ಹೊರ ರಾಜ್ಯದ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಉಪಕಾರವಾಯಿತು. ಇಲ್ಲಿನ ಲೆಕ್ಕಿಗರನ್ನು ಕೇಳುತ್ತೇನೆ.

ಹೊಲಿಗೆ_ಮೈಸೂರು

ನಾನು ಬ್ಲೌಸ್ ಹೊಲಿಯುತ್ತೇನೆ. ಆನ್‌ಲೈನ್ ಕೆಲಸ ಎಲ್ಲ ನಮ್ಮ ಅಕ್ಕನ ಮಗ ನೋಡಿಕೊಳ್ಳುತ್ತಿದ್ದ. ಈಗ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಬಿಡುವಿಲ್ಲ. ಪೇಜ್ ಅವನ ಇಮೇಲ್‌ನಲ್ಲಿದೆ, ಪಾಸ್‌ವರ್ಡ್ ಅವನಿಗೂ ಮರೆತಿದೆ. ಮ್ಯಾಪ್‌ನಲ್ಲಿ ನಮ್ಮ ಹಳೆಯ ಅಂಗಡಿಯ ವಿಳಾಸವೇ ಇದೆ. ಜನ ಅಲ್ಲಿಗೆ ಹೋಗಿ ವಾಪಸ್ ಬರುತ್ತಾರೆ. ಅದನ್ನು ಬಿಟ್ಟು ಹೊಸದು ಮಾಡಲಾ?

ಪ್ರಚಾರದ_ಕೆಲಸ_ಬೆಂಗಳೂರು

ಹೊಸದು ಬೇಡ ಮೇಡಂ. ಹಳೆಯ ರಿವ್ಯೂಗಳು ಅದರಲ್ಲಿವೆ. ಮೊದಲು ಹುಡುಗನ ಹತ್ತಿರ ಪಾಸ್‌ವರ್ಡ್ ಮರುಹೊಂದಿಸಿ, ನಿಮ್ಮ ಜಿಮೇಲನ್ನು ಮಾಲೀಕರಾಗಿ ಸೇರಿಸಲು ಹೇಳಿ. ಅದು ಆಗದಿದ್ದರೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ತೆರೆದು, ಈ ವ್ಯಾಪಾರ ನನ್ನದು ಅಂತ ಹೇಳುವ ಆಯ್ಕೆ ಒತ್ತಿ. ಈಗ ಅದನ್ನು ಹಿಡಿದಿರುವ ಇಮೇಲ್‌ಗೆ ಮನವಿ ಹೋಗುತ್ತದೆ. ಕೆಲವು ದಿನ ಉತ್ತರ ಬರದಿದ್ದರೆ, ನೀವೇ ಪರಿಶೀಲನೆ ಮಾಡಿಸಿ ಪಡೆಯುವ ದಾರಿ ತೆರೆಯಬಹುದು.

ಇದು ಎಲ್ಲರಿಗೂ ಹೇಳುವ ಮಾತು. ಪೇಜ್, ಮ್ಯಾಪ್, ಜಾಹೀರಾತು ಖಾತೆ, ವೆಬ್‌ಸೈಟ್ ಹೆಸರು ಎಲ್ಲ ನಿಮ್ಮ ಹೆಸರಿನ ಇಮೇಲ್‌ನಲ್ಲೇ ಇರಲಿ. ಮಗನಾಗಲಿ, ಏಜೆನ್ಸಿಯಾಗಲಿ, ನನ್ನಂಥವನಾಗಲಿ, ಕೆಲಸ ಮಾಡುವವರಿಗೆ ಮ್ಯಾನೇಜರ್ ಅನುಮತಿ ಕೊಟ್ಟರೆ ಸಾಕು. ಪಾಸ್‌ವರ್ಡ್ ಕೊಡಬೇಡಿ. ಶಿರಸಿ ಮೇಡಂ, ಆ ಏಜೆನ್ಸಿಯವರು ಮತ್ತೆ ಬಂದರೆ ಇದನ್ನೇ ಮೊದಲು ಕೇಳಿ. "ಖಾತೆ ನಮ್ಮ ಹೆಸರಲ್ಲಿ ಇರುತ್ತದೆ" ಅಂತ ಅವರು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದು, ತಿಂಗಳ ಕೊನೆಗೆ ಏನು ಲೆಕ್ಕ ಕೊಡುತ್ತಾರೆ ಅಂತ ಕೇಳಿ. ಎಷ್ಟು ಜನ ನೋಡಿದರು ಅನ್ನೋದು ಬೇಡ. ಎಷ್ಟು ಜನ ವಾಟ್ಸಾಪ್‌ಗೆ ಬಂದರು, ಅದರಲ್ಲಿ ಎಷ್ಟು ಆರ್ಡರ್ ಆಯಿತು ಅನ್ನೋದು ಬೇಕು.

ಗ್ಯಾರೇಜ್_ಹುಬ್ಬಳ್ಳಿ

ಮೈಸೂರು ಅಕ್ಕಾ, ಇದನ್ನು ಸರಿ ಮಾಡಿಕೊಡುತ್ತೇವೆ ಅಂತ ಫೋನ್ ಬರುತ್ತದೆ ನೋಡಿ, "ಗೂಗಲ್‌ನಿಂದ ಮಾತಾಡ್ತಿದೀವಿ, ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪ್‌ನಿಂದ ತೆಗೀತೀವಿ" ಅಂತ. ನಂಬಬೇಡಿ. ಮ್ಯಾಪ್‌ನಲ್ಲಿ ಹೆಸರು ಇಡಲು ಗೂಗಲ್ ದುಡ್ಡು ತಗೊಳ್ಳಲ್ಲ. ದುಡ್ಡು ಕೊಟ್ಟರೆ ಮೇಲೆ ತೋರಿಸುತ್ತೇವೆ ಅನ್ನೋದೂ ಸುಳ್ಳು. ಜಾಹೀರಾತು ಅಂತ ಬರೆದು ತೋರಿಸೋದು ಬೇರೆ. ಒಟಿಪಿ ಕೇಳಿದರಂತೂ ಕಟ್ ಮಾಡಿ.

ರಿವ್ಯೂ ಬಗ್ಗೆ ಒಂದು. ನಾನು ಗಾಡಿ ಕೀ ಕೈಗೆ ಕೊಡುವಾಗಲೇ ಕೇಳುತ್ತೇನೆ, "ಕೆಲಸ ಇಷ್ಟವಾಗಿದ್ದರೆ ಎರಡು ಸಾಲು ಬರೀರಿ" ಅಂತ. ರಿವ್ಯೂ ಪುಟ ತೆರೆಯುವ ಕ್ಯೂಆರ್ ಗೂಗಲ್‌ನಲ್ಲೇ ಸಿಗುತ್ತದೆ, ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ. ದುಡ್ಡು ಕಟ್ಟುವ ಕ್ಯೂಆರ್ ಪಕ್ಕ ಅಂಟಿಸಬೇಡಿ, ಜನ ಗಲಿಬಿಲಿ ಆಗುತ್ತಾರೆ.

ಬೇಕರಿ_ಕುಂದಾಪುರ

ನಾವು ರಿವ್ಯೂ ಬರೆದವರಿಗೆ ಒಂದು ಪಫ್ಸ್ ಉಚಿತ ಅಂತ ಇಡೋಣ ಅಂದುಕೊಂಡಿದ್ದೆವು. ಮಾಡಬಹುದಾ?

ಪ್ರಚಾರದ_ಕೆಲಸ_ಬೆಂಗಳೂರು

ಬೇಡ. ರಿವ್ಯೂಗೆ ಬದಲಾಗಿ ಏನೂ ಕೊಡಬಾರದು ಅಂತ ಗೂಗಲ್ ನಿಯಮ ಇದೆ, ಸಿಕ್ಕಿಬಿದ್ದರೆ ರಿವ್ಯೂಗಳನ್ನೇ ತೆಗೆಯುತ್ತಾರೆ. ಪಫ್ಸ್ ಕೊಡಬೇಕು ಅನಿಸಿದರೆ ಸುಮ್ನೆ ಕೊಡಿ, ರಿವ್ಯೂ ಜೊತೆ ಗಂಟು ಹಾಕಬೇಡಿ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯದೆ ಎರಡು ಸಾಲು ಮರ್ಯಾದೆಯಿಂದ ಉತ್ತರ ಬರೆಯಿರಿ. ಅದನ್ನು ಓದುವವರು ಮುಂದೆ ಬರಲಿರುವ ಗಿರಾಕಿಗಳು.

ಪುಣೆಯಲ್ಲಿರುವ_ಕುಮಟೆಯವಳು

ನಿಜ. ನಾನು ಮೊದಲು ಓದೋದೇ ಒಂದು ಸ್ಟಾರ್‌ನವನ್ನು. ಅಂಗಡಿಯವರು ಏನು ಉತ್ತರ ಕೊಟ್ಟಿದ್ದಾರೆ ಅಂತ ನೋಡುತ್ತೇನೆ.

ಟೋಪಿತೆನಿ_ಇಳಕಲ್

ದುಡ್ಡಿನ ಸ್ಕ್ರೀನ್‌ಶಾಟ್ ಬಗ್ಗೆಯೂ ಹೇಳಿಬಿಡುತ್ತೇನೆ. "ಕಳಿಸಿದೀನಿ ನೋಡಿ" ಅಂತ ಫೋಟೋ ಕಳಿಸುವವರಲ್ಲಿ ಮೋಸದವರೂ ಇರುತ್ತಾರೆ. ನಮ್ಮ ಖಾತೆಗೆ ದುಡ್ಡು ಬಿದ್ದಿದ್ದನ್ನು ನಾವೇ ನೋಡುವವರೆಗೆ ಪಾರ್ಸಲ್ ಕಟ್ಟಲ್ಲ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿಡಿ. ಗಿರಾಕಿಗಳ ಪಟ್ಟಿ ಪೂರ್ತಿ ಅದರಲ್ಲೇ ಇರುವಾಗ ಆ ನಂಬರ್ ಬೇರೆಯವರ ಕೈಗೆ ಹೋದರೆ ವ್ಯಾಪಾರವೇ ನಿಂತುಹೋಗುತ್ತದೆ.

ಶಿರಸಿ_ಹಪ್ಪಳ

ಪಿನ್ ಹಾಕಿದೆ. ಕ್ಯಾಟಲಾಗ್‌ನಲ್ಲಿ ಮೂರೂ ಸರಕು ಹಾಕಿ ಬೆಲೆ ಬರೆದಿದ್ದೇನೆ. ಮುರುಗಲಿಗೆ ಮೂರೂ ಹೆಸರು ಕೊಟ್ಟಿದ್ದೇನೆ. ಒಂದು ಸಂಶಯ ಉಳಿದಿದೆ. ಮನೆಗೆ ಬಂದು ಕೊಳ್ಳುವವರು ಇದ್ದಾರೆ, ಆದರೆ ನಮ್ಮದು ಹಳ್ಳಿಯ ಒಳಗಿನ ತೋಟದ ಮನೆ. ಮ್ಯಾಪ್‌ನಲ್ಲಿ ಹಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಜನ ಬರುತ್ತಾರಾ ಅಂತ ಅತ್ತೆಗೆ ಚಿಂತೆ.

ಗ್ಯಾರೇಜ್_ಹುಬ್ಬಳ್ಳಿ

ಬರ್ತಾರೆ ಅಕ್ಕಾ. ನನ್ನ ಗ್ಯಾರೇಜಿಗೆ ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ.

ಪ್ರಚಾರದ_ಕೆಲಸ_ಬೆಂಗಳೂರು

ಹಾಗಿದ್ದರೆ ಮನೆ ವಿಳಾಸ ತೋರಿಸಬೇಡಿ. ನೀವೇ ಶಿರಸಿ ಪೇಟೆಗೆ ತಂದು ಕೊಡುವ ರೂಢಿ ಇದ್ದರೆ, ಶಿರಸಿ ಮತ್ತು ಸುತ್ತಲಿನ ಊರಿಗೆ ತಲುಪಿಸುತ್ತೇವೆ ಅಂತ ಮಾತ್ರ ಹಾಕಿ. ಮನೆಗೆ ಬರುವ ಹಳೆಯ ಗಿರಾಕಿಗಳಿಗೆ ದಾರಿ ಹೇಗೂ ಗೊತ್ತು. ಅತ್ತೆಗೆ ಇಷ್ಟವಿಲ್ಲದಿದ್ದರೆ ಈ ವರ್ಷ ಮ್ಯಾಪನ್ನು ಬಿಟ್ಟೇ ಬಿಡಿ, ಪ್ರತಿ ಪಾರ್ಸಲ್‌ನಲ್ಲೂ ಚೀಟಿ ಇರಲಿ, ಬ್ರಾಡ್‌ಕಾಸ್ಟ್ ತಪ್ಪದೆ ನಡೆಯಲಿ.